ಅಜ್ಜ ಹತ್ತಿದ ಬಾರ್ಶಿ ರೈಲು

ಆಷಾಢ ಬಂತೆಂದರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಪಂಢರಪುರಕ್ಕೆ ದಿಂಡಿ ಹೊರಡುತ್ತವೆ. ನಡೆಯಲಾಗದವರು ಸೊಲ್ಲಾಪುರದವರೆಗೆ ಬಸ್ಸಿನಲ್ಲಿ ಹೋಗಿ, ರೈಲು ಹತ್ತಿ ಕುರ್ಡುವಾಡಿಯಲ್ಲಿ ಇಳಿದು ಇನ್ನೊಂದು ರೈಲು ಹಿಡಿಯುತ್ತಾರೆ. ಆ ಇನ್ನೊಂದು ರೈಲು ಹಿಂದೆ ಬಾರ್ಶಿ ಲೈಟ್ ರೈಲ್ವೆಯ ಪುಟ್ಟ ಉಗಿಬಂಡಿ. ಎರಡು ಹಳಿಗಳ ನಡುವೆ ಎರಡೂವರೆ ಅಡಿ ಅಂತರ, ಅಷ್ಟೇ.

ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಗೆಳೆಯನ ಜೊತೆ ನಾನೂ ಅದೇ ದಾರಿಯಲ್ಲಿ ಹೋಗಿಬಂದೆ. ಈಗ ಅದು ಬ್ರಾಡ್‌ಗೇಜ್. ಕಿಟಕಿಯಲ್ಲಿ ಕಬ್ಬಿನ ಗದ್ದೆ, ಮೊಡನಿಂಬ ಸ್ಟೇಷನ್ ದಾಟುವಷ್ಟರಲ್ಲಿ ಅರ್ಧ ದಾರಿ ಮುಗಿದಿತ್ತು. ಅಜ್ಜನಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟ. ‘ನಮ್ಮ ಕಾಲದಾಗ ಗಾಡಿ ಏರು ಹತ್ತೂದ್ರಾಗ ಕೆಳಗ ಇಳದು, ಬೀಡಿ ಹಚ್ಚಿ, ಮತ್ತ ಓಡಿ ಹತ್ತತಿದ್ವಿ ತಮ್ಮಾ. ವಾರಿ ಟೈಮಿಗಿ ಗೂಡ್ಸ್ ಡಬ್ಬಿದಾಗೂ ಮಂದಿನ್ನ ತುಂಬತಿದ್ರು. ಪಂಢರಪುರದಾಗ ಇಳದ್ರ ಮೈಯೆಲ್ಲ ಕಲ್ಲಿದ್ದಲ ಮಸಿ, ಸೀದಾ ಚಂದ್ರಭಾಗಾಕ್ಕ’ ಎಂದ.

ಈ ರೈಲು ಕಟ್ಟಿದ ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್‌ನ ಲೆಕ್ಕಾಚಾರ ನನಗೆ ಹಿಡಿಸಿತು. ಬಾರ್ಶಿ ಆಗ ಹತ್ತಿಯ ಪೇಟೆ, ಆದರೆ ಮುಖ್ಯ ರೈಲು ಮಾರ್ಗ ಊರಿಂದ ದೂರ. ದೊಡ್ಡ ರೈಲು ಹಾಕಲು ಹಣ ಸಾಲದು. ಆತ ಎಂಜಿನ್, ವ್ಯಾಗನ್ ಯಾವುದೇ ಇರಲಿ, ಒಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಎಂದು ನಿಯಮ ಮಾಡಿಕೊಂಡ. ಭಾರ ಸಮನಾಗಿ ಹಂಚಿದರೆ ತೆಳುವಾದ, ಅಗ್ಗದ ಹಳಿಯೂ ತಡೆಯುತ್ತದೆ. 1897ರಲ್ಲಿ ಕುರ್ಡುವಾಡಿ–ಬಾರ್ಶಿ ಗಾಡಿ ಓಡಿತು. ಪಂಢರಪುರ 1906, ಲಾತೂರ 1911, ಮೀರಜ 1927. ಬರೀ ಹತ್ತಿಯಲ್ಲ, ವಿಠ್ಠಲನ ಭಕ್ತರೂ ಆ ಕಂಪನಿಯ ಗಲ್ಲಾ ತುಂಬಿದರು. (ಇದೇ ಮನುಷ್ಯ ಮುಂದೆ ವಿಮಾನ ಚಾಲಕರಿಗಾಗಿ ಪ್ಯಾರಾಚೂಟ್ ತಯಾರಿಸಿದ!) 1954ರಲ್ಲಿ ಸರ್ಕಾರ ಕಂಪನಿಯನ್ನು ಕೊಂಡಿತು. ಹೊಸ ಶತಮಾನದ ಮೊದಲ ದಶಕದಲ್ಲಿ ಪುಟ್ಟ ಹಳಿಗಳು ಒಂದೊಂದಾಗಿ ಕಿತ್ತುಹೋದವು.

ಒಂದು ತುಂಡನ್ನಾದರೂ ಉಗಿಬಂಡಿ ಸಮೇತ ಉಳಿಸಬಹುದಿತ್ತು ಎಂದು ನಾನಂದರೆ ಗೆಳೆಯ ಒಪ್ಪಲಿಲ್ಲ. 2016ರ ಬರಗಾಲ ನೆನಪಿಸಿದ. ಆಗ ಮೀರಜದಿಂದ ಲಾತೂರಿಗೆ ನೀರು ಹೊತ್ತ ‘ಜಲದೂತ’ ರೈಲು ಪಂಢರಪುರ, ಕುರ್ಡುವಾಡಿಯ ಇದೇ ದಾರಿಯಲ್ಲಿ ಓಡಿತ್ತು. ಮೊದಲ ಗಾಡಿಯಲ್ಲೇ ಐದು ಲಕ್ಷ ಲೀಟರ್. ಹಳಿ ಅಗಲವಾಗಿರದಿದ್ದರೆ ಆ ಟ್ಯಾಂಕರುಗಳು ಮೀರಜದಲ್ಲೇ ನಿಲ್ಲುತ್ತಿದ್ದವು. ಲಾತೂರು ಆಳಂದಕ್ಕೆ ದೂರವೇನಲ್ಲ, ಆ ವರ್ಷ ನಮ್ಮೂರಲ್ಲೂ ಕೊಡಗಳ ಸಾಲು ಇತ್ತು. ನಾನು ಸುಮ್ಮನಾದೆ.

ಆದರೂ ಒಂದು ಮಾತು ತಲೆಯಲ್ಲಿ ಉಳಿದಿದೆ. ನೂರಿಪ್ಪತ್ತೈದು ವರ್ಷಗಳ ಹಿಂದೆ ಒಂದು ಪೇಟೆ ಊರಿಗೆ ಅಗ್ಗದಲ್ಲಿ ರೈಲು ತರುವ ಉಪಾಯ ಒಬ್ಬನಿಗೆ ಹೊಳೆದಿತ್ತು. ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಲ್ಲಿ ಇವತ್ತಿಗೂ ರೈಲು ನಿಲ್ದಾಣವಿಲ್ಲ. ರೈಲ್ವೆ ನೇಮಕಾತಿ ಪರೀಕ್ಷೆ ಬರೆಯಲು ನಾವು ಬಸ್ಸು ಹತ್ತಿ ಹೋಗುತ್ತೇವೆ.

ಪುಟ್ಟ ರೈಲು ಹತ್ತುವ ಆಸೆ ಇದ್ದವರಿಗೆ ದಾರಿ ಇದೆ. ಕಲಬುರಗಿ–ಮುಂಬೈ ಮಾರ್ಗದಲ್ಲಿ, ಕರ್ಜತ್ ದಾಟಿದ ಮೇಲೆ ನೇರಳ್ ಬರುತ್ತದೆ. ಅಲ್ಲಿಂದ ಮಾಥೇರಾನ್ ಗುಡ್ಡಕ್ಕೆ 1907ರಿಂದ ಎರಡಡಿ ಹಳಿಯ ಗಾಡಿ ಇದೆ, ಈಗ ಡೀಸೆಲ್ ಎಂಜಿನ್. ಉಗಿ ಎಂಜಿನ್ನೇ ಬೇಕೆಂದರೆ ಮೆಟ್ಟುಪಾಳ್ಯಂ–ಕೂನೂರಿಗೆ ಹೋಗಬೇಕು, ಅದು ಮೀಟರ್‌ಗೇಜ್. ಮುಂಬೈಗೆ ಸಂದರ್ಶನಕ್ಕೆ ಹೋಗುವವರು ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮಾತ್ರ ನೇರಳ್‌ನಿಂದ ಗಾಡಿ ಬಿಡುವುದಿಲ್ಲ.