ಕತ್ತರಿಸಿಟ್ಟ ಕಾಗದಕ್ಕೆ ಯಾವ ಅಂಟು ಲೇಸು?

ಕಾಸರಗೋಡು, ಮಂಜೇಶ್ವರ ಕಡೆಯ ಎಷ್ಟೋ ಕನ್ನಡ ಮನೆಗಳ ಕಪಾಟಿನಲ್ಲಿ ಪತ್ರಿಕಾ ತುಣುಕುಗಳನ್ನು ಅಂಟಿಸಿದ ಪುಸ್ತಕವೊಂದು ಇರುತ್ತದೆ. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿದ ಸುದ್ದಿ, ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರಿಗೆ ಸೇರಬೇಕೆಂದ 1967ರ ಮಹಾಜನ ವರದಿ, ಅದರ ಮಗ್ಗುಲಲ್ಲೇ ಅಜ್ಜನ ನಿಧನವಾರ್ತೆ, ಯಕ್ಷಗಾನದ ಕರಪತ್ರ. ಸಣ್ಣ ಪತ್ರಿಕೆಗಳ ಹಳೆಯ ಸಂಚಿಕೆಗಳು ಎಲ್ಲ ಗ್ರಂಥಾಲಯಗಳಲ್ಲೂ ದೊರೆಯುವಂತಹವಲ್ಲ. ನಮ್ಮ ಹಿರಿಯರು ಕತ್ತರಿಸಿಟ್ಟದ್ದೇ ಅನೇಕ ವಿಷಯಗಳಿಗೆ ಆಧಾರ. ಈ ಪುಸ್ತಕಗಳು ಒರಲೆ ಹಿಡಿದು ಮಾತ್ರ ಹಾಳಾಗುವುದಲ್ಲ, ನಾವೇ ಹಚ್ಚಿದ ಅಂಟಿನಿಂದಲೂ ಹಾಳಾಗುತ್ತವೆ.

ಪೇಟೆಯ ಅಂಗಡಿಯಲ್ಲಿ ‘ಪಶ’ ಎಂದು ಕೇಳಿದರೆ ನಾಲ್ಕಾರು ಬಗೆಯದನ್ನು ಮುಂದಿಡುತ್ತಾರೆ. ಯಾವುದು ಗಟ್ಟಿಯಾಗಿ ಹಿಡಿಯುತ್ತದೆಂದೇ ನಾವು ವಿಚಾರಿಸುತ್ತೇವೆ. ವಿಚಾರಿಸಬೇಕಾದ್ದು, ಮುಂದೊಂದು ದಿನ ಬಿಡಿಸಲು ಬರುತ್ತದೆಯೇ ಎಂಬುದನ್ನು. ಪುಸ್ತಕದ ಹಾಳೆ ಹಳತಾದಾಗ ತುಣುಕನ್ನು ಬೇರೆಡೆಗೆ ಸಾಗಿಸಬೇಕು. ಕೆಲವೊಮ್ಮೆ ಅದರ ಬೆನ್ನಿನಲ್ಲಿರುವ ಸುದ್ದಿಯೇ ಹೆಚ್ಚು ಬೆಲೆಯುಳ್ಳದ್ದಾಗಿರಬಹುದು.

ಎಲ್ಲಕ್ಕಿಂತ ಕೆಡುಕಿನದು ಸೆಲ್ಲೋಟೇಪು. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ; ಟೇಪು ಒಣಗಿ ಉದುರಿ ಹೋಗುತ್ತದೆ, ಕಲೆ ಉಳಿಯುತ್ತದೆ. ಸೈಕಲ್ ಟ್ಯೂಬಿನ ಸೊಲ್ಯೂಷನ್ನೂ ಅದೇ ಜಾತಿ. ಬಡಗಿಯ ಫೆವಿಕಾಲ್ ಮರಕ್ಕೆ ಹೇಳಿಮಾಡಿಸಿದ ವಸ್ತು. ಒಮ್ಮೆ ಒಣಗಿದರೆ ನೀರಿಗೆ ಜಗ್ಗುವುದಿಲ್ಲ ಎಂಬುದೇ ತುಣುಕಿನ ಪುಸ್ತಕದ ಮಟ್ಟಿಗೆ ಅದರ ದೋಷ. ಹಲಸಿನ ಮೇಣದ ಮಾತಂತೂ ಬೇಡ.

ಉಳಿದದ್ದು ನಮ್ಮ ಅಡುಗೆಮನೆಯ ಮೈದಾ ಅಂಟು. ಇದು ಕೈಕೊಡುವುದು ಹಿಟ್ಟಿನಲ್ಲಿರುವ ಜಿಗುಟಿನಿಂದ. ಹುಳುಗಳಿಗೆ ಅದೇ ಔತಣ. ಆದುದರಿಂದ ಹಲ್ವಕ್ಕೆ ಮಾಡುವಂತೆ ಮೈದಾವನ್ನು ಕಲಸಿ, ಮುದ್ದೆಯನ್ನು ನೀರಿನಲ್ಲಿ ಹಿಸುಕಬೇಕು. ರಬ್ಬರಿನಂತಹ ಜಿಗುಟು ಕೈಯಲ್ಲುಳಿದು ಬಿಳಿ ಹಾಲು ನೀರಿಗಿಳಿಯುತ್ತದೆ. ಅದನ್ನು ತಿಳಿಯಾಗಲು ಬಿಟ್ಟು, ಮೇಲಿನ ನೀರು ಬಸಿದು, ತಳದ ಹಿಟ್ಟು ಒಂದು ಚಮಚಕ್ಕೆ ನಾಲ್ಕೈದು ಚಮಚ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕದಡುತ್ತ ಪಾರದರ್ಶಕವಾಗುವವರೆಗೆ ಬೇಯಿಸುವುದು. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿದರೆ ಗಂಟಿಲ್ಲದ ಅಂಟು ಸಿದ್ಧ. ಹಳೆಯ ಕಾಗದಪತ್ರ ದುರಸ್ತಿ ಮಾಡುವವರೂ ಗೋಧಿ ಪಿಷ್ಟದ ಅಂಟನ್ನೇ ಬಳಸುತ್ತಾರೆ. ಒದ್ದೆ ಮಾಡಿದರೆ ಇದು ಬಿಡುತ್ತದೆ. ಮಳೆಗಾಲದಲ್ಲಿ ಮರುದಿನಕ್ಕೇ ಹುಳಿಯುವುದರಿಂದ ಬೇಕಾದಷ್ಟೇ ಮಾಡಿಕೊಳ್ಳಬೇಕು.

ಹುಳು ಬಾರದಿರಲೆಂದು ಮೈಲುತುತ್ತು ಬೆರೆಸುವ ರೂಢಿಯೊಂದಿದೆ. ಅಡಿಕೆ ತೋಟದವರ ಮನೆಯಲ್ಲಿ ಅದಕ್ಕೇನು ಬರವೇ! ಆದರೆ ತಾಮ್ರದ ಅಂಶ ಕಾಗದವನ್ನೇ ಬೇಗ ಸವೆಸುತ್ತದೆ. ಮಕ್ಕಳು ಮುಟ್ಟುವ ಪುಸ್ತಕದಲ್ಲಿ ವಿಷ ಬೇರೆ. ಅದರ ಬದಲು ಅಂಟನ್ನೇ ಕಡಿಮೆ ಮಾಡುವುದು ಜಾಣತನ: ತುಣುಕಿನ ಮೇಲಂಚಿಗೆ ಮಾತ್ರ ಬೆರಳಗಲದ ತೆಳು ಪಟ್ಟಿ ಸಾಕು.

ಯಾವ ಅಂಟು ಹಾಕಿದರೂ ಪತ್ರಿಕೆಯ ಕಾಗದ ಹಳದಿಯಾಗದೆ ಇರದು, ಅರೆದ ಮರದಿಂದಲೇ ಅದು ತಯಾರಾಗುವುದಾದ್ದರಿಂದ. ಮುಖ್ಯವಾದವನ್ನು ಒಳ್ಳೆಯ ಕಾಗದದಲ್ಲಿ ಜೆರಾಕ್ಸ್ ಮಾಡಿಸಿ, ಪತ್ರಿಕೆಯ ಹೆಸರು, ತಾರೀಕುಗಳನ್ನು ಪೆನ್ಸಿಲಿನಲ್ಲಿ ಬದಿಗೆ ಬರೆದಿಡಿ. ತಾರೀಕಿಲ್ಲದ ತುಣುಕು ಅರ್ಧ ಸಾಕ್ಷಿಯಷ್ಟೇ.

ಫೋಟೋಗಳಿಗೆ ಅಂಟೇ ಬೇಡ, ಕಾಗದದ ಮೂಲೆಗಳಲ್ಲಿ ಸಿಕ್ಕಿಸಿದರಾಯಿತು. ಮೇಲೊಂದು ಪ್ಲಾಸ್ಟಿಕ್ ಹಾಳೆಯುಳ್ಳ ಹಳೆಯ ಅಂಟು ಆಲ್ಬಮ್ಮುಗಳಲ್ಲಿ ಮದುವೆಯ ಚಿತ್ರಗಳು ಕಚ್ಚಿಕೊಂಡಿದ್ದರೆ ಎಳೆಯಬೇಡಿ. ನಯವಾದ ನೂಲನ್ನು ಚಿತ್ರದಡಿಗೆ ತೂರಿಸಿ ಮೆಲ್ಲನೆ ಗರಗಸದಂತೆ ಆಡಿಸಿದರೆ ಬಹುಮಟ್ಟಿಗೆ ಬಿಡುತ್ತದೆ. ಹೊಸದಾಗಿ ಅಂಟಿಸಿದ ಹಾಳೆಗಳ ನಡುವೆ ಎಣ್ಣೆಕಾಗದವಿಟ್ಟು, ಮೇಲೆ ಭಾರ ಹೇರಿ ನೆರಳಲ್ಲೇ ಒಣಗಿಸಬೇಕು. ಆಟಿಯಲ್ಲಂತೂ ಈ ಕೆಲಸಕ್ಕೆ ಕೈಹಾಕದಿರುವುದೇ ವಾಸಿ.