ನಿಧಾನವಾಗಿ ಅರಳುವ ಮಕ್ಕಳು

ಎಳೆಯ ಮಗುವಿನ ಮಾತು ತಡವಾದರೆ ಅದರ ಬುದ್ಧಿಯನ್ನೇ ಶಂಕಿಸುವುದು ಲೋಕರೂಢಿ. ನುಡಿಯೇ ಅರಿವಿನ ಅಳತೆಗೋಲೆಂದು ನಂಬಿದ ಸಮಾಜವು, ನುಡಿಯಲಾರದ ಮಗು ಏನನ್ನೂ ಅರಿಯದೆಂದು ಬಹುಬೇಗ ತೀರ್ಮಾನಿಸಿಬಿಡುತ್ತದೆ. ಈ ತಪ್ಪು ತೀರ್ಮಾನಕ್ಕೆ ಗುರಿಯಾಗುತ್ತ ಬಂದವರಲ್ಲಿ ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯೊಡನೆ ಹುಟ್ಟಿದ ಮಕ್ಕಳೂ ಸೇರಿದ್ದಾರೆ. ಇವರಲ್ಲಿ ಬಹುತೇಕರ ಗ್ರಹಿಕೆಯು ಅವರ ನಾಲಿಗೆಗಿಂತ ಮುಂದಿರುತ್ತದೆ. ಇದೊಂದನ್ನು ಹಿರಿಯರು ಮನಗಂಡರೆ ಮನೆಯ ಲಾಲನೆಯೂ ಶಾಲೆಯ ಬೋಧನೆಯೂ ಬೇರೆ ದಾರಿಯನ್ನು ಹಿಡಿಯಬಲ್ಲವು.

ಮೊದಲು ಈ ಸ್ಥಿತಿಯ ಸ್ವರೂಪವನ್ನು ತಿಳಿಯಬೇಕು. ಮಾನವದೇಹದ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳು 23 ಜೋಡಿಗಳಾಗಿ ಇರುತ್ತವೆ. 21ನೆಯ ಜೋಡಿಯಲ್ಲಿ ಎರಡರ ಬದಲು ಮೂರು ತಂತುಗಳಿದ್ದರೆ ಒಟ್ಟು ಸಂಖ್ಯೆ 47 ಆಗುತ್ತದೆ. ಈ ಒಂದು ಹೆಚ್ಚಳವೇ ಡೌನ್ ಸಿಂಡ್ರೋಮಿಗೆ ಸಾಮಾನ್ಯ ಕಾರಣ. ಸುಮಾರು 700ರಿಂದ 1000 ಜನನಗಳಿಗೆ ಒಂದರಂತೆ ಇದು ಎಲ್ಲ ದೇಶಗಳಲ್ಲಿಯೂ, ಎಲ್ಲ ಕುಲಗಳಲ್ಲಿಯೂ ಕಂಡುಬರುತ್ತದೆ. ಇದು ಅಂಟುವ ರೋಗವಲ್ಲ; ಔಷಧದಿಂದ ನೀಗುವಂಥದೂ ಅಲ್ಲ.

ಇಂಥ ಮಗು ಹುಟ್ಟಿದಾಗ ತಾಯಿಯನ್ನು ದೂರುವ ಪದ್ಧತಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಗ್ರಹಣ ಕಾಲದಲ್ಲಿ ಹೊರಗೆ ಬಂದಳೆಂದೂ, ತಿನ್ನಬಾರದುದನ್ನು ತಿಂದಳೆಂದೂ, ಪೂರ್ವಜನ್ಮದ ಫಲವೆಂದೂ ನಾನಾ ಬಗೆಯ ಮಾತುಗಳು ಕೇಳಿಬರುತ್ತವೆ. ಇವುಗಳಿಗೆ ಯಾವ ಆಧಾರವೂ ಇಲ್ಲ. ಬಹುಪಾಲು ಸಂದರ್ಭಗಳಲ್ಲಿ ಈ ಹೆಚ್ಚಿನ ತಂತುವು ಬೀಜಕಣ ರೂಪುಗೊಳ್ಳುವ ವೇಳೆಯಲ್ಲಿ ಆಕಸ್ಮಿಕವಾಗಿ ಉಳಿದುಕೊಳ್ಳುವಂಥದು. ಕೆಲವೊಮ್ಮೆ ಅದು ತಂದೆಯ ಕಡೆಯಿಂದಲೂ ಬರುತ್ತದೆ. ತಾಯಿಯ ವಯಸ್ಸು 35ನ್ನು ದಾಟಿದ ಮೇಲೆ ಸಂಭವವು ಏರುತ್ತದೆಯೆಂಬುದು ನಿಜ. ಆದರೆ ಕಿರಿಯ ವಯಸ್ಸಿನ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಆದುದರಿಂದ ಇಲ್ಲಿ ದೂರಲ್ಪಡಬೇಕಾದವರು ಯಾರೂ ಇಲ್ಲ.

ಹೆಸರು ತಪ್ಪಾದರೆ ನೋಟವೂ ತಪ್ಪಾಗುತ್ತದೆಂಬುದಕ್ಕೆ ಈ ಸ್ಥಿತಿಯ ಇತಿಹಾಸವೇ ನಿದರ್ಶನ. 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ಇದರ ಲಕ್ಷಣಗಳನ್ನು ವಿವರಿಸಿದನು. ಆದರೆ ಮಕ್ಕಳ ಮುಖಲಕ್ಷಣವನ್ನು ಕಂಡು ಅವರನ್ನು ಮಂಗೋಲ ಜನಾಂಗಕ್ಕೆ ಹೋಲಿಸಿದನು. ಆ ಅಪನಾಮವು ಸುಮಾರು ಒಂದು ಶತಮಾನದವರೆಗೆ ವೈದ್ಯಗ್ರಂಥಗಳಲ್ಲಿ ಉಳಿಯಿತು. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೆ ಮತ್ತು ರೇಮಂಡ್ ತುರ್ಪ್ಯಾಂ ಅವರು ವರ್ಣತಂತುವಿನ ನಿಜವಾದ ಕಾರಣವನ್ನು ಪ್ರಕಟಿಸಿದರು. 1965ರಲ್ಲಿ ಮಂಗೋಲಿಯಾ ದೇಶದ ಆಕ್ಷೇಪಣೆಯನ್ನು ಮನ್ನಿಸಿ ವಿಶ್ವ ಆರೋಗ್ಯ ಸಂಸ್ಥೆಯು ಆ ಹೆಸರನ್ನು ಕೈಬಿಟ್ಟಿತು. ಗ್ರಂಥಗಳಿಂದ ಅಪನಾಮವು ತೊಲಗಿತು; ಬೀದಿಯಲ್ಲಿ ‘ಪೆದ್ದ’, ‘ಹೆಡ್ಡ’ ಎಂಬ ಕೂಗುಗಳು ಮಾತ್ರ ತೊಲಗಿಲ್ಲ. ಮಗುವಿಗೆ ಹೆತ್ತವರು ಇಟ್ಟ ಹೆಸರಿದೆ. ಅದೇ ಅದರ ಹೆಸರು.

ಈ ಮಕ್ಕಳ ಮಾತು ತಡವಾಗುವುದಕ್ಕೆ ಹಲವು ಕಾರಣಗಳುಂಟು. ಸ್ನಾಯುಗಳ ಬಿಗಿ ಕಡಿಮೆಯಾದ್ದರಿಂದ ತುಟಿ ನಾಲಿಗೆಗಳು ಸುಲಭವಾಗಿ ಹೊರಳವು. ಮಧ್ಯಕಿವಿಯಲ್ಲಿ ದ್ರವ ನಿಂತು ಶ್ರವಣವು ಮಂದವಾಗುವುದು ಬಹಳ ಸಾಮಾನ್ಯ; ಕೇಳದ ಶಬ್ದವನ್ನು ಮಗು ನುಡಿಯುವುದಾದರೂ ಹೇಗೆ? ಆದುದರಿಂದ ಕಿವಿಯ ಪರೀಕ್ಷೆಯನ್ನು ಮರಳಿ ಮರಳಿ ಮಾಡಿಸಬೇಕು. ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುವುದರಿಂದ ಹುಟ್ಟಿದೊಡನೆಯೇ ಹೃದಯದ ಪರೀಕ್ಷೆಯೂ ಆಗಬೇಕು. ಕಣ್ಣು ಮತ್ತು ಥೈರಾಯ್ಡ್ ಗ್ರಂಥಿಯ ಕಡೆಗೂ ಕಾಲಕಾಲಕ್ಕೆ ಗಮನವಿರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡೌನ್ ಸಿಂಡ್ರೋಮಿನ ತಪಾಸಣೆಯೂ ಸೇರಿದೆ. ಮಾತು ಮತ್ತು ಶ್ರವಣದ ವಿಷಯದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕನ್ನಡಿಗರಿಗೆ ಸಮೀಪದ ಆಸರೆ.

ವೈದ್ಯರ ಕೆಲಸ ವೈದ್ಯರದು. ಮನೆಯವರ ಕೆಲಸವೂ ಅದಕ್ಕೆ ಕಡಿಮೆಯದಲ್ಲ. ಈ ಮಕ್ಕಳಲ್ಲಿ ಕೇಳಿದುದಕ್ಕಿಂತ ಕಂಡುದರ ನೆನಪು ಸಾಮಾನ್ಯವಾಗಿ ಬಲವಾಗಿರುತ್ತದೆ. ಹಾಲಿನ ಲೋಟವನ್ನು ಕೈಯಲ್ಲಿ ಹಿಡಿದು, ಮಗುವಿನ ಕಣ್ಣಿಗೆ ಕಣ್ಣಿಟ್ಟು, ‘ಹಾಲು’ ಎಂದು ಸ್ಪಷ್ಟವಾಗಿ ನುಡಿದು, ಉತ್ತರಕ್ಕಾಗಿ ಸಾವಧಾನದಿಂದ ಕಾಯಬೇಕು. ಹಿರಿಯರು ಆತುರಪಟ್ಟು ತಾವೇ ಉತ್ತರಿಸಿದರೆ ಮಗುವಿನ ಯತ್ನವು ಅಲ್ಲಿಗೇ ನಿಲ್ಲುತ್ತದೆ. ಮಾತಿಗೆ ಮೊದಲು ಕೈಸನ್ನೆಯಿಂದ ಬೇಕುಬೇಡಗಳನ್ನು ಹೇಳಲು ಕಲಿಸಬಹುದು. ಸನ್ನೆ ಕಲಿತರೆ ಮಾತು ಬಾರದೆಂಬ ಭಯ ನಿರಾಧಾರ. ಸನ್ನೆಯು ಮಾತಿಗೆ ಮೆಟ್ಟಿಲಾಗುತ್ತದೆ.

ಓದಿನ ವಿಷಯದಲ್ಲಿಯೂ ಕಣ್ಣೇ ಇವರ ಬಲ. ವರ್ಣಮಾಲೆಯನ್ನು ಪೂರ್ತಿಯಾಗಿ ಒಪ್ಪಿಸಿದ ಮೇಲೆಯೇ ಪದಕ್ಕೆ ಹೋಗಬೇಕೆಂಬ ಕ್ರಮವನ್ನು ಇಲ್ಲಿ ಸಡಿಲಿಸುವುದು ಲೇಸು. ‘ಅಮ್ಮ’, ‘ಮನೆ’, ‘ಹಾಲು’ ಮುಂತಾದ ಬಳಕೆಯ ಪದಗಳನ್ನು ಚಿತ್ರದೊಡನೆ ದೊಡ್ಡಕ್ಷರದಲ್ಲಿ ಬರೆದು ತೋರಿಸಿದರೆ, ಮಗು ಇಡೀ ಪದವನ್ನು ಒಂದು ಮುಖವನ್ನು ಗುರುತಿಸುವಂತೆ ಗುರುತಿಸುತ್ತದೆ. ಅಕ್ಷರಗಳ ವಿಂಗಡಣೆ ಆಮೇಲೆ ಬರಲಿ. ಕಂಡು ಓದಿದ ಪದವು ಎಷ್ಟೋ ವೇಳೆ ನಾಲಿಗೆಗೂ ಬರುತ್ತದೆ.

ಶಾಲೆಯಲ್ಲಿ ಇಂಥ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಂದು ಸಲಕ್ಕೆ ಒಂದೇ ಸೂಚನೆ ಕೊಟ್ಟು, ಹೆಚ್ಚು ಸಮಯವನ್ನು ನೀಡಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18ನೆಯ ವಯಸ್ಸಿನವರೆಗೆ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಹಕ್ಕು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಕರೆದು ಕೂರಿಸುವ ಕೆಲಸ ಗುರುಗಳದು, ಸಹಪಾಠಿಗಳದು.

ವಿಶ್ವಸಂಸ್ಥೆಯು 2012ರಿಂದ ಮಾರ್ಚ್ 21ನ್ನು ವಿಶ್ವ ಡೌನ್ ಸಿಂಡ್ರೋಮ್ ದಿನವಾಗಿ ಆಚರಿಸುತ್ತಿದೆ. 21ನೆಯ ಜೋಡಿಯಲ್ಲಿ ಮೂರು ತಂತುಗಳೆಂಬುದೇ ಮೂರನೆಯ ತಿಂಗಳ 21ನೆಯ ದಿನದ ಸಂಕೇತ. ಆದರೆ ಅರಿವೆಂಬುದು ಒಂದು ದಿನದ ಆಚರಣೆಯಲ್ಲಿ ಮುಗಿಯತಕ್ಕದ್ದಲ್ಲ. ನೆಂಟರು ಬಂದಾಗ ಒಳಕೋಣೆಗೆ ಸರಿಸಲ್ಪಡುವ ಮಗು, ಮದುವೆ ಜಾತ್ರೆಗಳಿಗೆ ಕರೆದೊಯ್ಯಲ್ಪಡದ ಮಗು, ಕೇಳಬೇಕಾದ ಸಾವಿರ ಮಾತುಗಳನ್ನು ಕಳೆದುಕೊಳ್ಳುತ್ತದೆ. ಅದನ್ನು ಹೊರಗೆ ಕರೆತಂದು, ಹೆಸರು ಹಿಡಿದು ಮಾತನಾಡಿಸಿ, ಅದರ ಉತ್ತರಕ್ಕಾಗಿ ಒಂದು ಕ್ಷಣ ಹೆಚ್ಚಾಗಿ ಕಾಯುವ ತಾಳ್ಮೆಯೇ ಮನೆ, ಶಾಲೆ, ಊರುಗಳು ಅದಕ್ಕೆ ಕೊಡಬಹುದಾದ ಮೊದಲ ವಿದ್ಯಾದಾನ.