ಆಕಾಶಕ್ಕೆ ಹನ್ನೊಂದು ಮಿಲಿಸೆಕೆಂಡು

ಹೀಗೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಪಿ.ಯು.ಸಿ. ಓದುತ್ತಿರುವ ಮಗ. ಮುಂದೆ ಪೈಲಟ್ ಆಗಬೇಕೆಂಬ ಆಸೆ. ಅಪ್ಪನನ್ನು ಕಾಡಿ ಬೇಡಿ ತರಿಸಿಕೊಂಡ ಹೆಡ್‌ಸೆಟ್ಟನ್ನು ಕಣ್ಣಿಗೆ ಬಿಗಿದುಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದಾನೆ. ನೋಡುವವರಿಗೆ ಅವನಿರುವುದು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಅವನ ಪಾಲಿಗೆ ಮಾತ್ರ ಅದು ಪುಟ್ಟ ಸೆಸ್ನಾ ವಿಮಾನದ ಎಡಗಡೆಯ ಸೀಟು. ಕೆಳಗೆ ಮಂಗಳೂರು, ಎಡಕ್ಕೆ ಕತ್ತು ಹೊರಳಿಸಿದರೆ ಬಜ್ಪೆಯ ಗುಡ್ಡದ ನೆತ್ತಿಯ ಮೇಲಿನ ರನ್‌ವೇ. ಆದರೆ ಕತ್ತು ಹೊರಳಿದಷ್ಟು ಬೇಗ ರನ್‌ವೇ ಹೊರಳುವುದಿಲ್ಲ. ಒಂದಿಷ್ಟು ತಡೆದು, ತುಸು ನಡುಗಿ, ಆಮೇಲೆ ಬರುತ್ತದೆ. ಹತ್ತೇ ನಿಮಿಷದಲ್ಲಿ ಹುಡುಗ ಹೆಡ್‌ಸೆಟ್ ಕಿತ್ತಿಟ್ಟು ಬಚ್ಚಲಿನ ಕಡೆಗೆ ಓಡುತ್ತಾನೆ. 'ಇಷ್ಟೊಂದು ದುಡ್ಡು ಸುರಿದು ತಂದದ್ದು ವಾಂತಿ ಮಾಡಿಕೊಳ್ಳೋದಕ್ಕೇನೋ?' ಎಂದು ಅಮ್ಮ ಕೇಳುತ್ತಾರೆ. ಅಂಗಡಿಯವನಿಗೆ ಫೋನು ಮಾಡಿದರೆ ಅವನದು ಒಂದೇ ಉತ್ತರ: 'ಗ್ರಾಫಿಕ್ಸ್ ಕಾರ್ಡ್ ಸಾಲದು ಸಾರ್, ದೊಡ್ಡದು ಹಾಕಿಬಿಡಿ.'

ದೊಡ್ಡದು ಎಂದರೆ ಮತ್ತೆ ಹತ್ತಾರು ಸಾವಿರ ರೂಪಾಯಿ. ಅಷ್ಟನ್ನು ಕೊಟ್ಟ ಮೇಲೂ ವಾಂತಿ ನಿಲ್ಲುತ್ತದೆ ಎಂಬ ಖಾತರಿ ಇಲ್ಲ. ಕೊಡುವ ಮುನ್ನ ದೋಷ ಎಲ್ಲಿದೆ ಎಂದು ಮನೆಯಲ್ಲೇ ಪತ್ತೆ ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ನೋಟ್‌ಪುಸ್ತಕ, ಪ್ರೌಢಶಾಲೆಯ ಗಣಿತ ಮತ್ತು ಒಂದು ಭಾನುವಾರ.

ಕಿವಿ ಮತ್ತು ಕಣ್ಣಿನ ಜಗಳ

ಮೊದಲು ಒಂದು ಸಣ್ಣ ಪ್ರಯೋಗ. ಒಂದು ಪುಸ್ತಕವನ್ನು ಕೈಯಳತೆಯ ದೂರದಲ್ಲಿ ಹಿಡಿದು ವೇಗವಾಗಿ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಅಕ್ಷರಗಳು ಕಲಸಿಹೋಗಿ ಓದಲಾಗುವುದಿಲ್ಲ. ಈಗ ಪುಸ್ತಕವನ್ನು ಸ್ಥಿರವಾಗಿಟ್ಟು ಅಷ್ಟೇ ವೇಗವಾಗಿ ತಲೆಯನ್ನು ಅಲ್ಲಾಡಿಸಿ. ಸಲೀಸಾಗಿ ಓದಬಹುದು! ಒಳಗಿವಿಯಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳು ತಲೆಯ ಹೊರಳಾಟವನ್ನು ಅಳೆದು ಕಣ್ಣಿನ ಸ್ನಾಯುಗಳಿಗೆ ನೇರವಾಗಿ ಸುದ್ದಿ ಮುಟ್ಟಿಸುತ್ತವೆ. ತಲೆ ಬಲಕ್ಕೆ ಹೋದಷ್ಟೇ ಕಣ್ಣುಗುಡ್ಡೆ ಎಡಕ್ಕೆ ಹೋಗುತ್ತದೆ. ಈ ಸುದ್ದಿ ಮುಟ್ಟಲು ಹಿಡಿಯುವ ಕಾಲ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸು.

ಹೆಡ್‌ಸೆಟ್ ಪೈಪೋಟಿ ನಡೆಸಬೇಕಾದದ್ದು ಇಂಥ ಚುರುಕಿನ ವ್ಯವಸ್ಥೆಯ ಜೊತೆಗೆ. ತಲೆ ಅಲುಗಿದ ಕ್ಷಣದಿಂದ ಬದಲಾದ ಚಿತ್ರ ಕಣ್ಣಿಗೆ ಬೀಳುವ ಕ್ಷಣದವರೆಗಿನ ವಿಳಂಬ ಸುಮಾರು 20 ಮಿಲಿಸೆಕೆಂಡಿನೊಳಗೆ ಇರಬೇಕೆಂಬುದು ಈ ಕ್ಷೇತ್ರದ ತಂತ್ರಜ್ಞರು ಒಪ್ಪಿಕೊಂಡು ಬಂದಿರುವ ಗುರಿ. ಅದು ಮೀರಿದರೆ ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಈ ಜಗಳದಲ್ಲಿ ಸೋಲುವುದು ಹೊಟ್ಟೆ. ಘಾಟಿ ರಸ್ತೆಯ ಬಸ್ಸಿನಲ್ಲಿ ಪುಸ್ತಕ ಓದಲು ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಭೇದವಿದೆ. ಕಣ್ಣಿನ ಮುಂದೆ ವಿಮಾನ ವಾಲುತ್ತಿದ್ದರೂ ಕುರ್ಚಿ ವಾಲುವುದಿಲ್ಲವಲ್ಲ, ಅದರಿಂದಾಗುವ ಸಂಕಟ ಒಂದು ಬಗೆಯದು. ಎಷ್ಟು ದುಬಾರಿಯ ಯಂತ್ರ ತಂದರೂ ಅದು ಪೂರ್ತಿ ಹೋಗುವುದಿಲ್ಲ, ನಿಧಾನವಾಗಿ ಅಭ್ಯಾಸವಾಗಬೇಕು. ಚಿತ್ರ ತಡವಾಗಿ, ತೊದಲುತ್ತ ಬರುವುದರಿಂದಾಗುವ ಸಂಕಟ ಇನ್ನೊಂದು. ಕಂಪ್ಯೂಟರ್ ಹದಗೊಳಿಸಿ ಕಡಿಮೆ ಮಾಡಬಹುದಾದದ್ದು ಈ ಎರಡನೆಯದನ್ನು ಮಾತ್ರ.

82 ಕೋಟಿ ಚುಕ್ಕೆ

2016ರಲ್ಲಿ ಮಾರುಕಟ್ಟೆಗೆ ಬಂದ ಎಚ್‌ಟಿಸಿ ವೈವ್ ಹೆಡ್‌ಸೆಟ್ಟಿನ ಪರದೆ ಸೆಕೆಂಡಿಗೆ 90 ಸಲ ಹೊಸ ಚಿತ್ರ ಕೇಳುತ್ತಿತ್ತು. ಇಂದಿಗೂ 90 ಎಂಬುದು ಸಾಮಾನ್ಯ ಅಳತೆ. 1000 ಮಿಲಿಸೆಕೆಂಡನ್ನು 90ರಿಂದ ಭಾಗಿಸಿದರೆ ಒಂದು ಚಿತ್ರಕ್ಕೆ ಸಿಗುವುದು 11.1 ಮಿಲಿಸೆಕೆಂಡು. ಮೋಡ, ನೆರಳು, ಕಡಲು, ಕಾಕ್‌ಪಿಟ್ಟಿನ ಗಡಿಯಾರಗಳು ಎಲ್ಲವೂ ಅಷ್ಟರೊಳಗೆ, ಎರಡು ಕಣ್ಣಿಗೂ ಬೇರೆ ಬೇರೆಯಾಗಿ ತಯಾರಾಗಬೇಕು.

ಚಿತ್ರವಾದರೂ ಎಷ್ಟು ದೊಡ್ಡದು? ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು ಸುಮಾರು 20.7 ಲಕ್ಷ. 2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3 ಹೆಡ್‌ಸೆಟ್ಟಿನಲ್ಲಿ ಪ್ರತಿ ಕಣ್ಣಿಗೂ 2064 ಗುಣಿಸು 2208. ಎರಡು ಕಣ್ಣಿಗೆ 91 ಲಕ್ಷ ದಾಟುತ್ತದೆ. ಸೆಕೆಂಡಿಗೆ 90 ಸಲ ಎಂದರೆ 82 ಕೋಟಿ ಚುಕ್ಕೆ.

ಲೆಕ್ಕ ಇನ್ನೂ ಮುಗಿಯಲಿಲ್ಲ. ಹೆಡ್‌ಸೆಟ್ಟಿನ ಮಸೂರ ಚಿತ್ರದ ಅಂಚುಗಳನ್ನು ಹೊರಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಕಂಪ್ಯೂಟರು ಚಿತ್ರವನ್ನು ಮೊದಲೇ ಪೀಪಾಯಿಯಂತೆ ಉಬ್ಬಿಸಿ ಕೊಡಬೇಕು. ಉಬ್ಬಿಸುವಾಗ ನಡುವಿನ ಭಾಗ ಮಸುಕಾಗದಿರಲು ಪರದೆಗಿಂತ ದೊಡ್ಡ ಚಿತ್ರವನ್ನೇ ಬರೆಯಬೇಕಾಗುತ್ತದೆ. ವೈವ್‌ನಲ್ಲಿ ಪರದೆ ಇದ್ದದ್ದು ಕಣ್ಣಿಗೆ 1080 ಗುಣಿಸು 1200. ಬರೆಯಬೇಕಾಗಿದ್ದ ಚಿತ್ರ 1512 ಗುಣಿಸು 1680. ಚುಕ್ಕೆಗಳ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟು. ಡಬ್ಬಿಯ ಮೇಲೆ ಅಚ್ಚಾಗಿರುವ ಅಂಕಿ ಪರದೆಯದು, ಕೆಲಸದ್ದಲ್ಲ ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಫ್ಲೈಟ್ ಸಿಮ್ಯುಲೇಟರ್ ಎಂಬುದು ಹಿಂದಿನಿಂದಲೂ ಕಂಪ್ಯೂಟರುಗಳ ಬೆವರಿಳಿಸುತ್ತ ಬಂದಿರುವ ತಂತ್ರಾಂಶ. ಮೈಕ್ರೋಸಾಫ್ಟ್ ಕಂಪನಿಯ ಮೊದಲ ಫ್ಲೈಟ್ ಸಿಮ್ಯುಲೇಟರ್ 1982ರಲ್ಲಿ ಬಂದಾಗ, ಐಬಿಎಂ ಮಾದರಿಯದೆಂದು ಹೇಳಿಕೊಳ್ಳುವ ಕಂಪ್ಯೂಟರ್ ನಿಜಕ್ಕೂ ಹಾಗಿದೆಯೇ ಎಂದು ಪರೀಕ್ಷಿಸಲು ಅದನ್ನೇ ಓಡಿಸಿ ನೋಡುವ ರೂಢಿ ಇತ್ತು. ಅದೇ ಹೆಸರಿನ 2020ರ ಆವೃತ್ತಿ ಉಪಗ್ರಹ ಮತ್ತು ವೈಮಾನಿಕ ಚಿತ್ರಗಳಿಂದ ಇಡೀ ಭೂಮಿಯನ್ನೇ ಕಟ್ಟಿಕೊಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಅದಕ್ಕೆ ಹೆಡ್‌ಸೆಟ್ ಜೋಡಿಸುವ ಸೌಲಭ್ಯವೂ ಬಂತು. ಎಷ್ಟೋ ಮಂದಿಯ ಕಂಪ್ಯೂಟರುಗಳು ಏದುಸಿರು ಬಿಡತೊಡಗಿದ್ದೂ ಆಗಲೇ.

ಭಟ್ಟರೋ, ಬಡಿಸುವವರೋ?

ಕಂಪ್ಯೂಟರಿನೊಳಗೆ ಇಬ್ಬರು ಕೆಲಸಗಾರರಿದ್ದಾರೆ. ವಿಮಾನ ಎಲ್ಲಿದೆ, ಗಾಳಿ ಎತ್ತ ಬೀಸುತ್ತಿದೆ, ಯಾವ ಮರ ಯಾವ ಮನೆ ಕಾಣಬೇಕು ಎಂದು ನಿರ್ಧರಿಸುವುದು ಸಿ.ಪಿ.ಯು. ನಿರ್ಧರಿಸಿದ್ದನ್ನು ಚುಕ್ಕೆ ಚುಕ್ಕೆಯಾಗಿ ಬರೆಯುವುದು ಗ್ರಾಫಿಕ್ಸ್ ಕಾರ್ಡ್. ಮದುವೆಮನೆಯಲ್ಲಿ ಅಡುಗೆ ಭಟ್ಟರು ಮತ್ತು ಬಡಿಸುವವರು ಇದ್ದಂತೆ. ಎಲೆಯ ಮುಂದೆ ಕುಳಿತವರಿಗೆ ಊಟ ತಡವಾಗುತ್ತಿದೆ ಎನ್ನಿ. ಸಾರು ಇನ್ನೂ ಒಲೆಯ ಮೇಲೇ ಇದ್ದರೆ ಇಪ್ಪತ್ತು ಜನ ಬಡಿಸುವವರನ್ನು ಹೊಸದಾಗಿ ಕರೆತಂದು ಏನು ಪ್ರಯೋಜನ? ಅಂಗಡಿಯವನ ಸಲಹೆ ಎಷ್ಟೋ ಸಲ ಇದೇ ತರಹದ್ದು.

ಯಾರಿಂದ ತಡ ಎಂದು ತಿಳಿಯುವುದು ಸುಲಭ. ಸಿಮ್ಯುಲೇಟರಿನಲ್ಲಿ ರೆಂಡರ್ ಸ್ಕೇಲಿಂಗ್ ಎಂಬ ಸೂಚಿ ಇರುತ್ತದೆ. ಅದನ್ನು 100ರಿಂದ 70ಕ್ಕೆ ಇಳಿಸಿ. ಅಡ್ಡಕ್ಕೂ ಉದ್ದಕ್ಕೂ 0.7 ಎಂದರೆ ಚುಕ್ಕೆಗಳು 0.49, ಅಂದರೆ ಕಾರ್ಡಿನ ಹೊರೆ ಹತ್ತಿರ ಹತ್ತಿರ ಅರ್ಧ. ಈಗ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ತಡವಾಗುತ್ತಿದ್ದುದು ಕಾರ್ಡಿನಿಂದ. ಸಂಖ್ಯೆ ಕದಲದಿದ್ದರೆ ಭಟ್ಟರಿಂದ, ಅಂದರೆ ಸಿ.ಪಿ.ಯು.ನಿಂದ. ಪರೀಕ್ಷೆಯ ಹೊತ್ತಿನಲ್ಲಿ ಮೋಷನ್ ರೀಪ್ರೊಜೆಕ್ಷನ್, ಫ್ರೇಮ್ ಮಿತಿ ಮುಂತಾದವನ್ನು ನಿಲ್ಲಿಸಿರಬೇಕು, ಇಲ್ಲದಿದ್ದರೆ ಅವು ಸಂಖ್ಯೆಯನ್ನು ಕಟ್ಟಿಹಾಕಿ ದಾರಿ ತಪ್ಪಿಸುತ್ತವೆ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನ ಡೆವಲಪರ್ ಮೋಡ್‌ನಲ್ಲಿ ತಡೆ ಎಲ್ಲಿದೆ ಎಂಬುದನ್ನು ಪರದೆಯ ಮೇಲೇ ತೋರಿಸುವ ಪಟ್ಟಿಯೂ ಇದೆ.

'ಸಿ.ಪಿ.ಯು. ಬಳಕೆ ಬರೀ ಶೇ 25 ತೋರಿಸುತ್ತಿದೆಯಲ್ಲ, ಅದಕ್ಕೇನು ಆಯಾಸ?' ಎಂದು ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆಯೇ. ಒಂದು ಸಿ.ಪಿ.ಯು. ಏಕಕಾಲಕ್ಕೆ 16 ಎಳೆಗಳಲ್ಲಿ ಕೆಲಸ ಮಾಡಬಲ್ಲುದು ಎನ್ನೋಣ. ಅದರಲ್ಲಿ ಒಂದು ಎಳೆ ಉಸಿರುಗಟ್ಟಿ ದುಡಿದರೂ ಒಟ್ಟು ಲೆಕ್ಕದಲ್ಲಿ ಅದು ಶೇ 6 ಚಿಲ್ಲರೆ. ಸಿಮ್ಯುಲೇಟರಿನ ಮುಖ್ಯ ಕೆಲಸದ ಬಹುಪಾಲು ಒಂದೇ ಎಳೆಯ ಮೇಲೆ ಬೀಳುತ್ತದೆ. ತರಕಾರಿ ಹೆಚ್ಚಲು ಎಷ್ಟೇ ಜನರಿದ್ದರೂ ಒಗ್ಗರಣೆ ಹಾಕುವ ಕೈ ಒಂದೇ. ಆದ್ದರಿಂದ ಹೆಚ್ಚು ಕೋರ್‌ಗಳಿಗಿಂತ ಒಂದೊಂದು ಕೋರ್ ಎಷ್ಟು ಚುರುಕು, ಅದರ ಪಕ್ಕದಲ್ಲಿರುವ ಕ್ಯಾಶ್ ಎಂಬ ಕಿರುನೆನಪು ಎಷ್ಟು ದೊಡ್ಡದು ಎಂಬುದು ಮುಖ್ಯ. ಎಎಂಡಿ ಕಂಪನಿ 2022ರಲ್ಲಿ ತಂದ ರೈಜನ್ 7 5800ಎಕ್ಸ್3ಡಿ ಇದಕ್ಕೆ ನಿದರ್ಶನ. ಅದರ ಗಡಿಯಾರ ವೇಗ ಸೋದರ ಚಿಪ್ಪಾದ 5800ಎಕ್ಸ್‌ಗಿಂತ ಕಡಿಮೆ. ಆದರೆ ಕ್ಯಾಶ್ 32 ಎಂ.ಬಿ. ಬದಲು 96 ಎಂ.ಬಿ. ಸಿಮ್ಯುಲೇಟರಿನಲ್ಲಿ ಗೆದ್ದದ್ದು ನಿಧಾನದ ಗಡಿಯಾರದ ಚಿಪ್ಪೇ. ಬೇಕಾದ ಸಾಮಾನು ಉಗ್ರಾಣಕ್ಕೆ ಹೋಗಿ ತರದೆ ಕೈಗೆಟುಕುವಲ್ಲೇ ಇದ್ದರೆ ಅಡುಗೆ ಬೇಗ ಆಗುತ್ತದಲ್ಲ, ಹಾಗೆ.

ದುಡ್ಡಿಲ್ಲದ ರಿಪೇರಿ

ಹೊಸದನ್ನು ಕೊಳ್ಳುವ ಮುಂಚೆ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಬೇಕು. ರ್‍ಯಾಮ್ ಪಟ್ಟಿ ಒಂದೇ ಇದೆಯೇ? 16 ಜಿ.ಬಿ.ಯ ಒಂದು ಪಟ್ಟಿಗಿಂತ 8 ಜಿ.ಬಿ.ಯ ಎರಡು ಪಟ್ಟಿ ಮೇಲು. ಡೇಟಾ ಹರಿಯಲು ಎರಡು ದಾರಿ ಸಿಗುತ್ತದೆ. ಹೊಸ ಸಿಮ್ಯುಲೇಟರುಗಳಿಗೆ ಒಟ್ಟು 32 ಜಿ.ಬಿ. ಇದ್ದರೆ ನೆಮ್ಮದಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಆನ್ ಮಾಡದಿದ್ದರೆ ವೇಗದ ರ್‍ಯಾಮ್ ಕೂಡ ನಿಧಾನವಾಗಿ ನಡೆಯುತ್ತದೆ. ದುಡ್ಡು ಕೊಟ್ಟು ತಂದ ವೇಗವನ್ನು ಬಳಸದೆ ವರ್ಷಗಟ್ಟಲೆ ಇಟ್ಟುಕೊಂಡವರು ಎಷ್ಟೋ ಮಂದಿ. ಫ್ಯಾನಿಗೆ ಹತ್ತಿಯಂತೆ ಧೂಳು ಕಟ್ಟಿದ್ದರೆ ಚಿಪ್ಪು ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಮ್ಮ ಏಪ್ರಿಲ್ ತಿಂಗಳಲ್ಲಿ ಕೇಳುವುದೇ ಬೇಡ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಓಡಿಸಬೇಕು. ಹೆಡ್‌ಸೆಟ್ಟಿಗೆ ಯು.ಎಸ್.ಬಿ. 3 ವೇಗದ ಕೇಬಲ್ಲೇ ಬೇಕು. ವೈರಿಲ್ಲದೆ ಬಳಸುವುದಾದರೆ ಕಂಪ್ಯೂಟರಿನಿಂದ ರೂಟರಿಗೆ ಮಾತ್ರ ತಂತಿ ಇರಲಿ, ವೈಫೈ 5 ಗಿಗಾಹರ್ಟ್ಸ್‌ನದಾಗಿರಲಿ, ರೂಟರು ಅದೇ ಕೋಣೆಯಲ್ಲಿರಲಿ.

ಕಾರ್ಡನ್ನು ನಿಜಕ್ಕೂ ಬದಲಿಸಬೇಕಾಗಿ ಬಂದರೆ ಎಸ್‌ಎಂಪಿಎಸ್ ಎಷ್ಟು ವಾಟ್ ಎಂದು ಮೊದಲು ನೋಡಿ. ಎನ್‌ವಿಡಿಯಾ ಆರ್‌ಟಿಎಕ್ಸ್ 4090ರಂಥ ಕಾರ್ಡ್ ಒಂದಕ್ಕೇ 450 ವಾಟ್ ಬೇಕು.

ಇನ್ನು ಸಿಮ್ಯುಲೇಟರಿನ ಒಳಗಿನ ಆಯ್ಕೆಗಳು. ಭಟ್ಟರ ಹೊರೆ ಹೆಚ್ಚಿಸುವವು ಟೆರೇನ್ ಲೆವೆಲ್ ಆಫ್ ಡೀಟೇಲ್, ಇತರ ವಿಮಾನಗಳ ದಟ್ಟಣೆ, ಗಾಜಿನ ಕಾಕ್‌ಪಿಟ್ಟಿನ ಪರದೆಗಳು. ಟೆರೇನ್ ಸೂಚಿಯ ಮರ್ಮ ವೃತ್ತದ ವಿಸ್ತೀರ್ಣದಲ್ಲಿದೆ. ನೆಲದ ವಿವರ ಕಾಣುವ ದೂರ ಇಮ್ಮಡಿಯಾದರೆ ತುಂಬಬೇಕಾದ ನೆಲ ನಾಲ್ಕು ಪಟ್ಟು. ಹಾಗಾಗಿ ಅದನ್ನು ಸ್ವಲ್ಪವೇ ಇಳಿಸಿದರೂ ಸಿಗುವ ಲಾಭ ದೊಡ್ಡದು. ಬಡಿಸುವವರ ಹೊರೆ ಮೋಡ, ನೆರಳು, ಪ್ರತಿಫಲನ. ಮೋಡವನ್ನು ಅಲ್ಟ್ರಾದಿಂದ ಮೀಡಿಯಂಗೆ ತಂದರೆ ಆಕಾಶವೇನೂ ಬಡವಾಗುವುದಿಲ್ಲ. ಡಿಎಲ್‌ಎಸ್‌ಎಸ್ ಎಂಬುದು ಸಣ್ಣ ಚಿತ್ರ ಬರೆದು ದೊಡ್ಡದಾಗಿ ಹಿಗ್ಗಿಸುವ ಜಾಣತನ. ವೇಗ ಖಂಡಿತ ಹೆಚ್ಚುತ್ತದೆ, ಆದರೆ ಆಲ್ಟಿಮೀಟರಿನ ಓಡುವ ಅಂಕಿಗಳು ಕಲಸಿದಂತಾಗಬಹುದು. ಅಂಕಿ ಓದಲಾಗದ ಕಾಕ್‌ಪಿಟ್ ಯಾರಿಗೆ ಬೇಕು?

ಎಲ್ಲಕ್ಕಿಂತ ದೊಡ್ಡ ತಪ್ಪು 90ರ ಹಿಂದೆ ಬೀಳುವುದು. ಒಮ್ಮೆ 70, ಮರುಕ್ಷಣ 38 ಎಂದು ಜೋಲಿ ಹೊಡೆಯುವ ಸಂಖ್ಯೆಗಿಂತ ಕದಲದ 45 ಮೇಲು. ನಡುವೆ ಬಿಟ್ಟುಹೋದ ಚಿತ್ರಗಳನ್ನು ಹಿಂದಿನ ಚಿತ್ರದಿಂದ ಊಹಿಸಿ ತುಂಬುವ ಉಪಾಯವೇ ಮೋಷನ್ ರೀಪ್ರೊಜೆಕ್ಷನ್. ಹೆಡ್‌ಸೆಟ್ಟನ್ನು 72 ಹರ್ಟ್ಸ್‌ಗೆ ಇಳಿಸಿದರೆ ಅರ್ಧ ಎಂದರೆ 36. ಒಂದು ಚಿತ್ರಕ್ಕೆ ಸುಮಾರು 28 ಮಿಲಿಸೆಕೆಂಡು ಸಿಗುತ್ತದೆ. ಬಂದೂಕಿನ ಆಟಕ್ಕೆ ಇದು ಸಾಲದು. ವಿಮಾನದಿಂದ ಕಾಣುವ ಲೋಕ ದೂರದ್ದು, ನಿಧಾನವಾಗಿ ಸರಿಯುವಂಥದ್ದು, ಆದ್ದರಿಂದ ಇಲ್ಲಿ ಸಾಕಾಗುತ್ತದೆ. ತಿರುಗುವ ಪ್ರೊಪೆಲ್ಲರಿನ ಸುತ್ತ ನೀರು ಅಲುಗಿದಂತೆ ಕಂಡರೆ ಗಾಬರಿ ಬೇಡ, ಊಹೆ ತಪ್ಪುವುದು ಅಲ್ಲಿಯೇ.

ಇವೆಲ್ಲವನ್ನೂ ಒಂದೇ ಸಂಜೆ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಯಾರಿಗೂ ತಿಳಿಯದು. ಪ್ರಯೋಗಶಾಲೆಯ ನಿಯಮ ಇಲ್ಲಿಗೂ ಅನ್ವಯ. ಅದೇ ವಿಮಾನ, ಅದೇ ನಿಲ್ದಾಣ, ಅದೇ ಹೊತ್ತು. ನಿಜಕಾಲದ ಹವಾಮಾನ ನಿಲ್ಲಿಸಿ ಒಂದೇ ಬಗೆಯ ಮೋಡ. ಒಂದು ಬಾರಿಗೆ ಒಂದೇ ಬದಲಾವಣೆ. ಐದು ನಿಮಿಷ ಹಾರಿಸಿ ಸರಾಸರಿಯ ಜೊತೆಗೆ ಅತಿ ಕಡಿಮೆ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಹೊಟ್ಟೆ ತೊಳಸುವುದು ಸರಾಸರಿಯಿಂದಲ್ಲ, ಆ ಕನಿಷ್ಠದಿಂದ.

ಇದು ಲೈಸೆನ್ಸಿಗೆ ದಾರಿಯೇ?

ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ತಂದೆಯ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ ಅಲುಗಾಡುವ ಪೆಟ್ಟಿಗೆಯ ವಿಮಾನ ಕಟ್ಟಿದಾಗ ಅದನ್ನು ಹೆಚ್ಚಾಗಿ ಕೊಂಡವರು ಜಾತ್ರೆಯ ಆಟಿಕೆಯವರು. 1934ರಲ್ಲಿ ಅಂಚೆ ಸಾಗಿಸಲು ಹೊರಟ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಮೇಲಷ್ಟೇ ಸೇನೆಗೆ ಅದರ ಬೆಲೆ ತಿಳಿಯಿತು. 2021ರ ಏಪ್ರಿಲ್‌ನಲ್ಲಿ ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಹೆಡ್‌ಸೆಟ್ ಆಧಾರಿತ ತರಬೇತಿ ಸಾಧನವೊಂದಕ್ಕೆ, ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಹೆಲಿಕಾಪ್ಟರ್ ಸಿಮ್ಯುಲೇಟರಿಗೆ, ಮೊದಲ ಬಾರಿಗೆ ಮಾನ್ಯತೆ ಕೊಟ್ಟಿತು.

ಆದರೆ ಮನೆಯ ಕೋಣೆಯಲ್ಲಿ ಹಾರಿಸಿದ ಒಂದು ಗಂಟೆಯೂ ನಮ್ಮ ಡಿ.ಜಿ.ಸಿ.ಎ. ಕೇಳುವ 200 ಗಂಟೆಗಳಲ್ಲಿ ಸೇರುವುದಿಲ್ಲ. ಉಪಕರಣ ಓದುವ ರೂಢಿ, ಇಳಿಯುವ ಮುನ್ನ ಮಾಡಬೇಕಾದ ಕೆಲಸಗಳ ಕ್ರಮ, ನಕ್ಷೆಯ ಪರಿಚಯ ಇಷ್ಟು ಸಿಕ್ಕೀತು, ಅದು ಕಡಿಮೆಯೇನಲ್ಲ. ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯಂಥಲ್ಲಿ ಸೇರುವ ಕನಸಿದ್ದವರು ದೊಡ್ಡ ಕಾರ್ಡಿಗೆ ದುಡ್ಡು ಕಟ್ಟುವ ಮುನ್ನ ಡಿ.ಜಿ.ಸಿ.ಎ. ಮಾನ್ಯತೆ ಪಡೆದ ವೈದ್ಯರಲ್ಲಿ ಕಣ್ಣು, ಕಿವಿ, ಬಣ್ಣ ಗುರುತಿಸುವ ಶಕ್ತಿಯನ್ನು ತೋರಿಸಿಕೊಳ್ಳುವುದು ಒಳಿತು.

ಮತ್ತೆ ಆ ಮನೆಗೆ. ಹುಡುಗ ಮೊದಲ ವಾರ ಹತ್ತು ನಿಮಿಷ ಮಾತ್ರ ಹಾರಿಸಲಿ, ಎದುರಿಗೊಂದು ಫ್ಯಾನ್ ತಿರುಗುತ್ತಿರಲಿ. ಬಾಯಲ್ಲಿ ನೀರೂರಿ ಹಣೆ ತಣ್ಣಗೆ ಬೆವರಿತೆಂದರೆ ಹಲ್ಲು ಕಚ್ಚಿ ಮುಂದುವರಿಯುವುದಲ್ಲ, ಆ ಕ್ಷಣವೇ ಹೆಡ್‌ಸೆಟ್ ತೆಗೆಯಬೇಕು. ಆಮೇಲೆ ಟ್ಯೂಷನ್ನಿಗೆ ಹೊರಡುವುದಿದ್ದರೆ, ತಲೆಸುತ್ತು ಪೂರ್ತಿ ಇಳಿಯುವ ತನಕ ಸೈಕಲ್ಲಾಗಲಿ ಸ್ಕೂಟರಾಗಲಿ ಹತ್ತುವುದು ಬೇಡ.